ರೂವಾರಿಗಳ ಪೈಪೋಟಿ

ಕ್ರಿ. ಶ. 1401ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶಿಲ್ಪಿಗಳ ನಡುವೆ ಒಂದು ಪಂದ್ಯವೇರ್ಪಟ್ಟಿತು. ಅಲ್ಲಿಯ ಕ್ರೈಸ್ತರ ದೀಕ್ಷಾಸ್ನಾನ ಮಂದಿರಕ್ಕೆ ಕಂಚಿನ ಬಾಗಿಲನ್ನು ಮಾಡುವ ಕೆಲಸ ಯಾರಿಗೆ ಸಲ್ಲಬೇಕೆಂಬುದು ಪ್ರಶ್ನೆ. ಅಬ್ರಹಾಮನು ಮಗನನ್ನು ಬಲಿಗೊಡಲು ಹೊರಟ ಪ್ರಸಂಗವನ್ನು ಎಲ್ಲರೂ ಎರಕಹೊಯ್ದು ತೋರಿಸಬೇಕಾಗಿತ್ತು. ಕೆಲಸ ಗಿಬರ್ಟಿಗೆ ದೊರೆಯಿತು. ಸೋತ ಬ್ರೂನೆಲ್ಲೆಸ್ಕಿ ಮುಂದೆ ಆ ಊರಿನ ಮಹಾದೇವಾಲಯಕ್ಕೆ ಗುಮ್ಮಟವನ್ನೆತ್ತಿದನು. ಇಬ್ಬರ ಫಲಕಗಳೂ ಇಂದಿಗೂ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿವೆ.

ಇಂಥ ಪೈಪೋಟಿಗಳಿಂದ ಆ ಕಾಲದ ಚರಿತ್ರೆಯನ್ನು ಅರಿಯುವುದು ಪಾಶ್ಚಾತ್ಯರಿಗೆ ವಾಡಿಕೆ. ನಮ್ಮ ಶಿಲ್ಪಿಯಾದರೋ ಹೆಸರಿನ ಹಂಬಲವಿಲ್ಲದ ಭಕ್ತ, ಕೆಲಸ ಮುಗಿಸಿ ಮರೆಯಾದವನು ಎಂದು ಇಂಗ್ಲಿಷ್ ಪುಸ್ತಕಗಳನ್ನೋದಿದ ನಾನೂ ಅನೇಕ ವರ್ಷ ವಿದ್ಯಾರ್ಥಿಗಳಿಗೆ ಹೇಳಿದೆನು. ಬೇಲೂರಿನಲ್ಲಿ ಸೂರಿನ ಕೆಳಗಣ ಮದನಿಕೆಯರ ಪೀಠಗಳನ್ನು ತಲೆಯೆತ್ತಿ ನೋಡಿದ ಮೇಲೆ ಆ ಪಾಠವನ್ನು ತಿದ್ದಿಕೊಳ್ಳಬೇಕಾಯಿತು.

1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ಗುಡಿಯ ಮದನಿಕೆಯರಲ್ಲಿ ನಾಲ್ಕು ಬಳ್ಳಿಗಾವಿಯ ದಾಸೋಜನವು, ಐದು ಆತನ ಮಗ ಚಾವಣನವು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮಗನು ಹೆಸರು ಬರೆದಷ್ಟಕ್ಕೆ ತೃಪ್ತನಾಗಲಿಲ್ಲ. ಬಿರುದು ಹೊತ್ತ ರೂವಾರಿಗಳು, ಎಂದರೆ ಶಿಲ್ಪಿಗಳು, ಮನ್ಮಥರಾದರೆ ತಾನು ಅವರ ಪಾಲಿನ ಮಹೇಶ್ವರನೆಂದು ಸಾರಿಕೊಂಡಿದ್ದಾನೆ. ರಣರಂಗದ ವೀರರ ಮಾತು ಉಳಿ ಹಿಡಿದವನ ಬಾಯಲ್ಲಿ! ಆ ಜಂಬದಿಂದ ನಮಗೆ ಲಾಭವೇ ಆಯಿತು. ಬಳ್ಳಿಗಾವಿಯು ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಹೆಸರಾದ ಪಟ್ಟಣ. ಹೊಯ್ಸಳರು ತಲೆಯೆತ್ತುತ್ತಿದ್ದಾಗ ಅಲ್ಲಿಯ ಕುಶಲಿಗಳು ಕೆಲಸವನ್ನರಸಿ ಇತ್ತ ಬಂದರೆಂಬುದು ಈ ಪುಟ್ಟ ಸಹಿಗಳಿಂದ ತಿಳಿಯುತ್ತದೆ. ದಾನವನ್ನೂ ದಿಗ್ವಿಜಯವನ್ನೂ ಎಣಿಸುವ ರಾಜಶಾಸನಕ್ಕೆ ಕಲ್ಲುಕುಟಿಗನ ಊರು ಯಾವುದೆಂಬ ಯೋಚನೆಯಾದರೂ ಏಕೆ?

ಇಬ್ಬರ ಕೈಯನ್ನು ಒಂದೇ ಕಡೆ ಹೋಲಿಸಿ ನೋಡಬೇಕೆಂಬವರು ನುಗ್ಗೇಹಳ್ಳಿಗೆ ಹೋಗಬೇಕು. ಮಿರ್ಲೆ, ಸಾಲಿಗ್ರಾಮಗಳ ಕಡೆಯ ಶ್ರೋತೃಗಳಿಗೆ ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಮೇಲೆ ಹಾದಿ. 1246ರ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ದಕ್ಷಿಣ ಭಾಗದ ಮೂರ್ತಿಗಳು ನಂದಿಯ ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಅವರಿಬ್ಬರೂ ಕಲಹವಾಡಿದರೆಂದು ನಾನು ಹೇಳಲಾರೆ. ಆದರೆ ಪ್ರದಕ್ಷಿಣೆ ಬರುವವನು ಬೈಚೋಜನನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಲ್ಲಿತಮ್ಮನೆದುರು ನಿಲ್ಲಬೇಕಾಗುತ್ತದೆ. ಗೋಡೆಯನ್ನು ಹಂಚಿಕೊಂಡವರಿಗೆ ಇದು ತಿಳಿಯದೆ ಇದ್ದೀತೆ? ಬೈಚೋಜನಲ್ಲಿ ನಿಲುವಿನ ಗಾಂಭೀರ್ಯ ಹೆಚ್ಚು. ಮಲ್ಲಿತಮ್ಮನ ಕೈ ಹಗುರ. ನನ್ನ ಒಲವು ಬೈಚೋಜನ ಕಡೆಗೆ. ಕೆಲಸ ಕೊಡುವವರ ಒಲವು ಮಾತ್ರ ಮಲ್ಲಿತಮ್ಮನ ಕಡೆಗಿದ್ದಂತೆ ತೋರುತ್ತದೆ: ಸೋಮನಾಥಪುರದ ಗೋಡೆಗಳಲ್ಲಿಯೂ ಆತನ ಸಹಿ ಮತ್ತೆ ಮತ್ತೆ ಕಾಣಿಸುತ್ತದೆ.