ಪಾದ್ರಿಯ ಜೋಳಿಗೆಯಲ್ಲಿ ಸರ್ವಜ್ಞ

ಫ.ಗು. ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈನಲ್ಲಿ, ಧಾರವಾಡದಲ್ಲಿ. ಉತ್ತಂಗಿ ಚನ್ನಪ್ಪನವರು ಹುಟ್ಟಿದ್ದು 1881ರ ಅಕ್ಟೋಬರ್‌ನಲ್ಲಿ, ಅದೇ ಧಾರವಾಡದಲ್ಲಿ. ಒಬ್ಬರು ವಿಜಯಪುರಕ್ಕೆ ಹೋಗಿ ವಕೀಲಿ ಮಾಡಿದರು, ಇನ್ನೊಬ್ಬರು ಬಾಸೆಲ್ ಮಿಷನ್ನಿನ ಪಾದ್ರಿಗಳಾದರು. ಆದರೆ ಓಲೆಗರಿ, ಕೈಬರಹದ ಕಡತ ಎಲ್ಲಿದೆ ಎಂದು ಗೊತ್ತಾದರೆ ಸಾಕು, ಅದರ ಬೆನ್ನು ಹತ್ತುವ ಗೀಳು ಇಬ್ಬರಿಗೂ ಇತ್ತು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ಹೊರಬಂತು. ಮರುವರ್ಷವೇ ಚನ್ನಪ್ಪನವರ ‘ಸರ್ವಜ್ಞನ ವಚನಗಳು’ ಬಂತು. ಹಳಕಟ್ಟಿಯವರನ್ನು ನಾಡು ವಚನ ಪಿತಾಮಹ ಎಂದು ನೆನೆಯುತ್ತದೆ. ಪಾದ್ರಿಗಳ ಹೆಸರು ಹೇಳಿದರೆ ಹುಬ್ಬಳ್ಳಿ, ಧಾರವಾಡದಿಂದಾಚೆ ‘ಅವರ್‍ಯಾರು?’ ಎನ್ನುವವರೇ ಹೆಚ್ಚು.

ನೆನೆಯುವವರೂ ಅವರನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ: ‘ಕ್ರೈಸ್ತರಾಗಿದ್ದರೂ ಸರ್ವಜ್ಞನ ಸೇವೆ ಮಾಡಿದರು.’ ಆ ‘ಆಗಿದ್ದರೂ’ ನನಗೆ ಸರಿ ಕಾಣುವುದಿಲ್ಲ. ಚನ್ನಪ್ಪನವರ ಬದುಕನ್ನು ನೋಡಿದರೆ ಅವರು ಸರ್ವಜ್ಞನ ಬಳಿ ಬಂದದ್ದೇ ಕ್ರಿಸ್ತನ ದಾರಿಯಲ್ಲಿ ನಡೆಯುತ್ತ.

ಅವರ ಮನೆತನದ ಮೂಲ ಬಳ್ಳಾರಿ ಸೀಮೆಯ ಹಡಗಲಿ ಭಾಗದ ಉತ್ತಂಗಿ ಗ್ರಾಮ. ಹೆಸರಿನ ಮುಂದೆ ಊರು ಬಂದದ್ದು ಹಾಗೆ. ಹಿರಿಯರು ಲಿಂಗಾಯತರು. ಕ್ರೈಸ್ತ ಮತಕ್ಕೆ ಬಂದ ಮೇಲೂ ಮನೆಯ ಭಾಷೆ ಬದಲಾಗಲಿಲ್ಲ. ತಂದೆಯ ಹೆಸರು ದಾನಿಯೇಲಪ್ಪ. ಬೈಬಲಿನ ಪ್ರವಾದಿಗೆ ಉತ್ತರ ಕರ್ನಾಟಕದ ‘ಅಪ್ಪ’ ಸೇರಿದ ಹೆಸರಿನ ಮನೆಯಲ್ಲಿ ಹುಟ್ಟಿದ ಹುಡುಗ ಮಂಗಳೂರಿನ ಬಲ್ಮಠದ ದೇವಜ್ಞಾನ ಶಾಲೆಯಲ್ಲಿ ಓದಿ ಪಾದ್ರಿಯಾದ.

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, ಮೂರು ವರ್ಷದಲ್ಲಿ ಧಾರವಾಡ ತಲುಪಿತ್ತು. ಮತ ಸಾರಲು ಬಂದವರಿಗೆ ಜನರ ಮಾತು ಬೇಕಿತ್ತು. ಕಲಿಯತೊಡಗಿದ ಮೇಲೆ ಕೆಲವರಿಗೆ ಆ ಮಾತಿನ ಹುಚ್ಚೇ ಹಿಡಿಯಿತು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು, ದಾಸರ ಪದ, ಬಸವಪುರಾಣಗಳನ್ನು ಅಚ್ಚು ಹಾಕಿಸಿದರು. ಕಿಟೆಲ್ 1894ರಲ್ಲಿ ನಿಘಂಟನ್ನೇ ಕೊಟ್ಟರು. ಇವರೆಲ್ಲ ಜರ್ಮನಿಯಿಂದ ಬಂದು ಕನ್ನಡ ಕಲಿತವರು. ಚನ್ನಪ್ಪನವರಿಗೆ ಕಲಿಯಬೇಕಾದದ್ದು ಹೀಬ್ರೂ, ಗ್ರೀಕ್. ಕನ್ನಡ ತಾಯಿಯ ಮಡಿಲಲ್ಲೇ ಇತ್ತು. ಆ ಜರ್ಮನ್ ವಿದ್ವಾಂಸರ ಕಿವಿಗೆ ಎಟುಕದ ಕನ್ನಡವನ್ನು ಅವರು ಹುಡುಕಿಕೊಂಡು ಹೋದರು. ‘ತಿರುಳ್ಗನ್ನಡದ ತಿರುಕ’ ಎಂದು ಹೆಸರಾದರು.

ಸಂತೆ, ಜಾತ್ರೆಗಳಲ್ಲಿ ನಿಂತು ಸುವಾರ್ತೆ ಸಾರುವುದು ಆ ಮಿಷನ್ನಿನ ಹಳೆಯ ಪದ್ಧತಿ. ಸಂತೆಯಲ್ಲಿ ಮಾತಾಡುವವನಿಗೆ ಗಾದೆ, ತ್ರಿಪದಿ ಬರದಿದ್ದರೆ ಯಾರೂ ನಿಲ್ಲುವುದಿಲ್ಲ. ಬೋಧಕನ ಎದುರು ಕೂತ ರೈತನಿಗೆ ಸರ್ವಜ್ಞ ಬೋಧಕನಿಗಿಂತ ಚೆನ್ನಾಗಿ ಗೊತ್ತು. ಒಂದು ಪದ ಹೇಳಿದರೆ ಆತ ಎರಡು ಹೇಳುತ್ತಾನೆ. ಸಂಗ್ರಹ ಶುರುವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ? ಜನರ ಬಾಯಿಂದ ಕೇಳಿದ್ದನ್ನೂ ಹಸ್ತಪ್ರತಿಗಳಲ್ಲಿ ಕಂಡದ್ದನ್ನೂ ಕೂಡಿಸಿ 1924ರ ಪುಸ್ತಕದಲ್ಲಿ ಅವರು ಕೊಟ್ಟದ್ದು ಸುಮಾರು ಎರಡು ಸಾವಿರ ವಚನಗಳನ್ನು.

ಕೂಡಿಹಾಕುವುದು ಸುಲಭದ ಅರ್ಧ. ಆರಿಸುವುದು ಕಷ್ಟ. ಸರ್ವಜ್ಞನ ಪದ್ಯ ಮೂರೇ ಸಾಲು, ಕೊನೆಗೆ ಅವನ ಹೆಸರು. ಮೊದಲ ಎರಡೂವರೆ ಸಾಲು ಯಾರೇ ಕಟ್ಟಿ ತುದಿಗೆ ‘ಸರ್ವಜ್ಞ’ ಎಂದು ಸೇರಿಸಿದರೆ ಪದ್ಯ ಅವನದೇ ಆಗಿಬಿಡುತ್ತದೆ. ಶತಮಾನಗಳ ಕಾಲ ಜನ ಅದನ್ನೇ ಮಾಡಿದರು. ತಮ್ಮ ಜಾತಿಯ ಹೆಚ್ಚುಗಾರಿಕೆ, ಪಕ್ಕದವರ ಜಾತಿಯ ಹೀನಾಯ, ಮನೆಮದ್ದು, ಒಗಟು, ಪೋಲಿ ಮಾತು, ಎಲ್ಲವೂ ಆ ಹೆಸರಿನ ಜೋಳಿಗೆಗೆ ಬಿದ್ದವು. ಹಾಗಾದರೆ ಅಸಲು ಯಾವುದು? ಛಂದಸ್ಸು ಒಂದಿಷ್ಟು ಸಹಾಯ ಮಾಡುತ್ತದೆ. ತ್ರಿಪದಿಗೆ ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಆದರೆ ಹಾಡುವ ಬಾಯಿ ಗಣ ಎಣಿಸುವುದಿಲ್ಲ, ಎಳೆದು, ಕುಗ್ಗಿಸಿ ಸರಿಮಾಡಿಕೊಳ್ಳುತ್ತದೆ. ಜಾಣ ಅನುಕರಣೆಕಾರನಿಗೂ ಛಂದಸ್ಸು ಬರುತ್ತದೆ. ಕೊನೆಗೆ ಉಳಿಯುವುದು ಪ್ರತಿಗೆ ಪ್ರತಿ ಹೋಲಿಸುವುದು, ಯಾವ ಪಾಠ ಹಳೆಯದು ಎಂದು ತೂಗುವುದು.

ದೇವಜ್ಞಾನ ಶಾಲೆಯ ಓದು ಇಲ್ಲಿ ಕೈಹಿಡಿದಿರಬೇಕು ಎಂಬುದು ನನ್ನ ಊಹೆ. ಹೊಸ ಒಡಂಬಡಿಕೆಯ ಮೂಲವೂ ಸಾವಿರಾರು ಗ್ರೀಕ್ ಹಸ್ತಪ್ರತಿಗಳಲ್ಲಿ ಹಂಚಿಹೋಗಿದೆ, ಪ್ರತಿಯಿಂದ ಪ್ರತಿಗೆ ಸಾಲು ಬದಲಾಗುತ್ತದೆ. ನಕಲುಗಾರ ಎಲ್ಲಿ ಕೈತಪ್ಪಿದ, ಎಲ್ಲಿ ಬೇಕೆಂದೇ ಸೇರಿಸಿದ ಎಂದು ಹುಡುಕುವುದನ್ನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪಂಡಿತರು ಒಂದು ಶಾಸ್ತ್ರವನ್ನಾಗಿಯೇ ಮಾಡಿದ್ದರು. ದೇವರ ವಾಕ್ಯವನ್ನೇ ಹೀಗೆ ಪರೀಕ್ಷಿಸಿ ಓದಬಹುದು, ಪರೀಕ್ಷಿಸಿದರೂ ಭಕ್ತಿ ಕುಂದಬೇಕಿಲ್ಲ ಎಂದು ಕಂಡವರಿಗೆ ಸರ್ವಜ್ಞನ ಪಾಠ ತಿದ್ದುವುದು ಅಪಚಾರವೆನಿಸುವುದಿಲ್ಲ.

ಹಾಗೆಂದು ಅವರನ್ನು ಇಂದಿನ ಭಾಷೆಯಲ್ಲಿ ‘ಸರ್ವಧರ್ಮ ಸಮನ್ವಯದ ಹರಿಕಾರ’ ಎಂದು ಕರೆದು ಹಾರ ಹಾಕಿಬಿಟ್ಟರೆ ಅವರಿಗೆ ಮೋಸ ಮಾಡಿದಂತೆ. ಅವರು ಸುವಾರ್ತೆ ಸಾರುವುದನ್ನು ಬಿಟ್ಟವರಲ್ಲ. 1921ರಲ್ಲಿ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕ ಬರೆದರು. ಭಾರತದವರು ಕ್ರಿಸ್ತನ ಕಡೆ ನೋಡಬೇಕು ಎಂಬ ಆಸೆ ಅವರಿಗೆ ಖಂಡಿತ ಇತ್ತು, ಅದನ್ನು ಮುಚ್ಚಿಡಲೂ ಇಲ್ಲ. ಒಪ್ಪದಿರುವವರು ಒಪ್ಪದಿರಬಹುದು. ಆದರೆ ಕ್ರಿಸ್ತನ ಬಳಿಗೆ ಬರಲು ಈ ನೆಲದ ಹಿರಿಯರನ್ನು ತೊರೆಯಬೇಕು ಎಂಬ ಮಾತು ಅವರದಾಗಿರಲಿಲ್ಲ. ಅಭಂಗಗಳ ಧಾಟಿಯಲ್ಲಿ ಕ್ರಿಸ್ತಭಕ್ತಿಯನ್ನು ಹಾಡಿದ ಮರಾಠಿ ಕವಿ ನಾರಾಯಣ ವಾಮನ ಟಿಳಕರ ಬಗ್ಗೆ ಅವರು ಬರೆದದ್ದು ಸುಮ್ಮನೆ ಅಲ್ಲ.

ಇತಿಹಾಸದ ಮೇಲಿನ ಅವರ ಪ್ರೀತಿ ಪೂರ್ತಿ ತೆರೆದುಕೊಂಡದ್ದು ಮುಪ್ಪಿನಲ್ಲಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪ ಎಂಬುದು ನಿಜಕ್ಕೂ ಇತ್ತೇ, ಅಥವಾ ಮುಂದಿನವರ ಕಲ್ಪನೆಯೇ ಎಂಬ ಜಗಳ ಆಗ ಜೋರಾಗಿತ್ತು. ಶರಣರ ಗೋಷ್ಠಿಯನ್ನು ಕಣ್ಣಿಗೆ ಕಟ್ಟುವಂತೆ ಕೊಡುವ ‘ಶೂನ್ಯಸಂಪಾದನೆ’ ಹದಿನೈದನೆಯ ಶತಮಾನದ ಕೃತಿ. ನಡುವಿನ ಇನ್ನೂರೈವತ್ತು, ಮುನ್ನೂರು ವರ್ಷಗಳನ್ನು ದಾಟುವುದು ಹೇಗೆ? ಶಾಸನ ಬೇಕು ಎಂದರು ಕೆಲವರು. 1951ರಲ್ಲಿ, ಎಪ್ಪತ್ತರ ಹತ್ತಿರ ಬಂದಿದ್ದ ಚನ್ನಪ್ಪನವರು ‘ಅನುಭವ ಮಂಟಪದ ಐತಿಹಾಸಿಕತೆ’ ಬರೆದು, ಇತ್ತು ಎಂದೇ ವಾದಿಸಿದರು.

ಅವರ ವಾದದ ಎಲ್ಲವನ್ನೂ ಇಂದಿನ ಸಂಶೋಧಕರು ಒಪ್ಪಲೇಬೇಕೆಂದಿಲ್ಲ. ಕಟ್ಟಡವೊಂದು ಇತ್ತೆಂದು ಸಾಧಿಸುವುದಕ್ಕೂ ಶರಣರು ಕೂಡಿ ಚರ್ಚಿಸುತ್ತಿದ್ದರು ಎಂದು ಸಾಧಿಸುವುದಕ್ಕೂ ಅಂತರವಿದೆ. ಎರಡನೆಯದಕ್ಕೆ ವಚನಗಳ ಬಲ ಹೆಚ್ಚು ಎಂದು ನನಗನಿಸುತ್ತದೆ. ಆದರೆ ಆ ಜಗಳದಲ್ಲಿ ಅವರ ಸ್ವಂತದ್ದೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಮಂಟಪ ಇಲ್ಲವೆಂದು ತೀರ್ಮಾನವಾಗಿದ್ದರೆ ಚರ್ಚಿಗೆ ನಷ್ಟವಿರಲಿಲ್ಲ, ಇತ್ತೆಂದು ಗೆದ್ದರೆ ಲಾಭವೂ ಇರಲಿಲ್ಲ. ಬೇರೊಂದು ಮತದ ಪಾದ್ರಿಯೊಬ್ಬರು ಮಂಟಪದ ಪರವಾಗಿ ನಿಂತದ್ದಕ್ಕೆ ಸಾಕ್ಷ್ಯ ಹಾಗೆ ಹೇಳುತ್ತಿದೆ ಎಂಬ ನಂಬಿಕೆಯೊಂದೇ ಕಾರಣ. ಆ ವಯಸ್ಸಿನಲ್ಲೂ ಮೋಳಿಗೆಯ ಮಾರಯ್ಯ ಮತ್ತು ರಾಣಿ ಮಹಾದೇವಿ, ಸೊಲ್ಲಾಪುರದ ಸಿದ್ಧರಾಮ, ಆದಯ್ಯ ಇವರ ವಚನಗಳ ಸಂಪಾದನೆಗೆ ಕೈಹಾಕಿದರು. ನಿವೃತ್ತಿಯ ಬಿಡುವನ್ನು ಹೀಗೆ ಕಳೆದವರು ಕಡಿಮೆ.

1949ರಲ್ಲಿ ಕಲಬುರ್ಗಿಯಲ್ಲಿ ನಡೆದ 32ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಊರು ಇನ್ನೂ ಹೈದರಾಬಾದ್ ಸಂಸ್ಥಾನದ್ದು. ಹಿಂದಿನ ಸೆಪ್ಟೆಂಬರ್‌ನಲ್ಲಷ್ಟೇ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಮುಗಿದಿತ್ತು. ರಜಾಕಾರರ ಹಾವಳಿಯ ಗಾಯ ಮಾಯ್ದಿರದ ಆ ನೆಲದಲ್ಲಿ, ಧರ್ಮದ ಹೆಸರು ಕೇಳಿದರೆ ಜನ ಬೆಚ್ಚುತ್ತಿದ್ದ ಹೊತ್ತಿನಲ್ಲಿ, ಕನ್ನಡಿಗರು ತಮ್ಮ ಸಮ್ಮೇಳನದ ಮೇಲುಗದ್ದುಗೆಯಲ್ಲಿ ಕೂರಿಸಿದ್ದು ಒಬ್ಬ ಪಾದ್ರಿಯನ್ನು. ಎಷ್ಟೋ ಕಾಲದ ಮೇಲೆ, 2014ರ ಮಡಿಕೇರಿ ಸಮ್ಮೇಳನದಲ್ಲಿ ಮತ್ತೊಬ್ಬ ಕ್ರೈಸ್ತ ಲೇಖಕ ನಾ. ಡಿಸೋಜ ಆ ಪೀಠದಲ್ಲಿ ಕೂತರು.

ಚನ್ನಪ್ಪನವರು ತೀರಿಕೊಂಡದ್ದು 1962ರ ಆಗಸ್ಟ್‌ನಲ್ಲಿ. ಸರ್ವಜ್ಞನ ಪುಸ್ತಕಗಳಿಗೆ ಈಗಲೂ ಬರವಿಲ್ಲ. ಬಸ್ ನಿಲ್ದಾಣದ ಅಂಗಡಿಗಳಲ್ಲಿ, ಜಾತ್ರೆಯ ಸಾಲುಗಳಲ್ಲಿ ತೆಳ್ಳನೆಯ ಪ್ರತಿಗಳು ಸಿಗುತ್ತವೆ. ಸಂಗ್ರಾಹಕ ಯಾರು, ಯಾವ ಪ್ರತಿಯಿಂದ ತೆಗೆದದ್ದು ಎಂಬ ಒಂದು ಸಾಲೂ ಎಷ್ಟೋ ಪ್ರತಿಗಳಲ್ಲಿ ಇರುವುದಿಲ್ಲ. ಮೊಬೈಲಿಗೆ ಬರುವ ಶುಭೋದಯದ ಚಿತ್ರಗಳಲ್ಲಂತೂ ನಿನ್ನೆ ಮೊನ್ನೆ ಕಟ್ಟಿದ ಸಾಲಿಗೂ ‘ಸರ್ವಜ್ಞ’ ಎಂದು ಅಂಟಿಸಿರುತ್ತಾರೆ. ಯಾವುದಾದರೂ ಗ್ರಂಥಾಲಯದಲ್ಲಿ ಉತ್ತಂಗಿಯವರ ಆವೃತ್ತಿ ಸಿಕ್ಕರೆ ವಚನಗಳಿಗೆ ನೇರವಾಗಿ ಹಾರದೆ ಮೊದಲು ಪೀಠಿಕೆ ಓದಿ. ಉದ್ದವಿದೆ, ಹಳೆಯ ಕಾಲದ ಗದ್ಯ, ಒಂದೇ ಸಲಕ್ಕೆ ಮುಗಿಯುವುದಿಲ್ಲ.