ಎಂಟು ತಿಂಗಳು ಎಂದರೆ ಎಷ್ಟು?

೧೯೮೨ರ ಜುಲೈ ತಿಂಗಳು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟೀಫನ್ ಜೇ ಗೂಲ್ಡ್ ಅವರಿಗೆ ಉದರದ ಮೀಸೋಥೀಲಿಯೋಮ ಎಂಬ ರೋಗ ತಗುಲಿರುವುದು ಗೊತ್ತಾಯಿತು. ಪ್ರಾಚೀನ ಜೀವಿಗಳ ಪಳೆಯುಳಿಕೆಗಳನ್ನು ಅಭ್ಯಸಿಸುವುದು ಅವರ ವೃತ್ತಿ. ಕಠಿಣವಾದ ವಿಜ್ಞಾನವನ್ನು ಸಾಮಾನ್ಯರಿಗೂ ರುಚಿಸುವಂತೆ ಬರೆಯುವುದರಲ್ಲಿ ಅವರು ಎತ್ತಿದ ಕೈ. ಆಗ ಅವರಿಗೆ ವಯಸ್ಸು ನಲವತ್ತು. ಇಬ್ಬರು ಗಂಡುಮಕ್ಕಳ ತಂದೆ.

ಶಸ್ತ್ರಚಿಕಿತ್ಸೆಯ ಬಳಿಕ ಎಚ್ಚರವಾದೊಡನೆ ಅವರು ವೈದ್ಯೆಯನ್ನು ಕೇಳಿದ ಮೊದಲ ಪ್ರಶ್ನೆ, ಈ ರೋಗದ ವಿಷಯದಲ್ಲಿ ಓದತಕ್ಕ ಒಳ್ಳೆಯ ಬರಹ ಯಾವುದು ಎಂಬುದು. ಓದಲು ಯೋಗ್ಯವಾದುದು ಹೆಚ್ಚೇನೂ ಇಲ್ಲವೆಂದು ಆಕೆ ನಯವಾಗಿ ಮಾತು ತೇಲಿಸಿದರು. ಆದರೆ ಪುಸ್ತಕದೊಡನೆ ಬೆಳೆದವರನ್ನು ಪುಸ್ತಕದಿಂದ ದೂರವಿಡುವುದು ಸಾಧ್ಯವೇ? ನಡೆದಾಡುವ ಶಕ್ತಿ ಬಂದೊಡನೆ ಗೂಲ್ಡ್ ಹಾರ್ವರ್ಡಿನ ವೈದ್ಯಕೀಯ ಗ್ರಂಥಾಲಯಕ್ಕೆ ಹೋದರು. ವೈದ್ಯೆಯ ಮೌನಕ್ಕೆ ಕಾರಣ ಅಲ್ಲಿ ತಿಳಿಯಿತು. ರೋಗ ಪತ್ತೆಯಾದ ಮೇಲೆ ಬದುಕುವ ಅವಧಿಯ ಮಧ್ಯಾಂಕ ಎಂಟು ತಿಂಗಳೆಂದು ಗ್ರಂಥಗಳು ಸಾರುತ್ತಿದ್ದವು. ಸುಮಾರು ಕಾಲು ಗಂಟೆಯ ಕಾಲ ಅವರು ದಿಗ್ಭ್ರಾಂತರಾಗಿ ಕುಳಿತುಬಿಟ್ಟರು.

ಕಲ್ನಾರಿನ ಧೂಳು

ಮೀಸೋಥೀಲಿಯೋಮ ಬಲು ವಿರಳವಾದ ಕ್ಯಾನ್ಸರ್. ಶ್ವಾಸಕೋಶವನ್ನೂ ಉದರದ ಅವಯವಗಳನ್ನೂ ತೆಳ್ಳನೆಯ ಪೊರೆಗಳು ಹೊದ್ದುಕೊಂಡಿವೆ. ಈ ರೋಗ ಹುಟ್ಟುವುದು ಆ ಪೊರೆಗಳಲ್ಲಿ. ಹೆಚ್ಚಿನ ಸಂದರ್ಭಗಳಲ್ಲಿ ಇದಕ್ಕೆ ಕಾರಣ ಆಸ್ಬೆಸ್ಟಾಸ್, ಎಂದರೆ ಕಲ್ನಾರು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅದರ ಎಳೆಗಳು ಉಸಿರಿನೊಡನೆ ಒಳಹೊಕ್ಕು ಅಲ್ಲಿಯೇ ನೆಲೆಸುತ್ತವೆ. ಧೂಳು ಸೇವಿಸಿದ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತು ವರ್ಷಗಳ ಮೇಲೆ ರೋಗ ತಲೆಯೆತ್ತುತ್ತದೆ.

ಈ ನಂಟನ್ನು ಜಗತ್ತಿಗೆ ಮನಗಾಣಿಸಿದುದು ೧೯೬೦ರಲ್ಲಿ ಪ್ರಕಟವಾದ ಒಂದು ಲೇಖನ. ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ನೀಲಿ ಕಲ್ನಾರಿನ ಗಣಿಗಳ ಸೀಮೆಯಲ್ಲಿ ಕಂಡ ೩೩ ರೋಗಿಗಳ ವೃತ್ತಾಂತವನ್ನು ವ್ಯಾಗ್ನರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಅದರಲ್ಲಿ ವಿವರಿಸಿದರು. ಅವರೆಲ್ಲರೂ ಗಣಿಯ ಕೂಲಿಗಳಲ್ಲ. ಬಾಲ್ಯದಲ್ಲಿ ಗಣಿಯ ಆಸುಪಾಸಿನಲ್ಲಿ ವಾಸವಾಗಿದ್ದುದಷ್ಟೇ ಕೆಲವರಿಗೆ ಮುಳುವಾಗಿತ್ತು. ಕಾರ್ಖಾನೆಯಿಂದ ಬಂದ ಗಂಡನ ಧೂಳುಬಟ್ಟೆಗಳನ್ನು ಒಗೆದ ಹೆಂಗಸರಿಗೂ ಈ ರೋಗ ಬಂದುದುಂಟೆಂಬುದು ಮುಂದೆ ತಿಳಿಯಿತು. ಗೂಲ್ಡ್ ಗಣಿಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ದುಡಿದವರಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಸಾಲಿನ ಆರನೆಯವನು

ಗ್ರಂಥಾಲಯದಲ್ಲಿ ಕುಳಿತಿದ್ದ ಗೂಲ್ಡ್ ಅವರ ಬುದ್ಧಿ ಮೆಲ್ಲನೆ ಚೇತರಿಸಿಕೊಂಡಿತು. ಅಂಕಿಸಂಖ್ಯೆಗಳೊಡನೆ ಪಳಗಿದ ತಲೆ ಅದು. ಎಂಟು ತಿಂಗಳು ಎಂಬ ಮಾತಿಗೆ ನಿಜವಾದ ಅರ್ಥವೇನು ಎಂದು ಅವರು ತಮ್ಮನ್ನೇ ಕೇಳಿಕೊಂಡರು.

ಒಂದು ಕಛೇರಿಯಲ್ಲಿ ಹನ್ನೊಂದು ಮಂದಿ ಇದ್ದಾರೆನ್ನೋಣ. ಸಂಬಳದ ಕ್ರಮದಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿದರೆ ಆರನೆಯವನ ಸಂಬಳವೇ ಮಧ್ಯಾಂಕ. ಅವನಿಗಿಂತ ಕೆಳಗಿನ ಐವರ ಸಂಬಳ ಎಷ್ಟು ಇಳಿದರೂ ಸೊನ್ನೆಗಿಂತ ಕೆಳಕ್ಕೆ ಇಳಿಯುವಂತಿಲ್ಲ. ಮೇಲಿನ ಐವರಿಗೆ ಅಂಥ ಕಟ್ಟಿಲ್ಲ; ಕೊನೆಯಾತನದು ಹತ್ತು ಪಟ್ಟು ಇದ್ದರೂ ಇದ್ದೀತು. ಆದರೂ ಮಧ್ಯಾಂಕ ಒಂದು ಕಾಸೂ ಕದಲುವುದಿಲ್ಲ. ರೋಗಿಗಳ ಆಯುಷ್ಯದ ಲೆಕ್ಕವೂ ಹೀಗೆಯೇ. ಅರ್ಧ ಮಂದಿ ಎಂಟು ತಿಂಗಳೊಳಗೆ ತೀರಿಕೊಂಡರು ಎಂಬುದು ನಿಜ. ಉಳಿದರ್ಧ ಮಂದಿ ಅದಕ್ಕಿಂತ ಹೆಚ್ಚು ಕಾಲ ಬದುಕಿದರು ಎಂಬುದೂ ಅಷ್ಟೇ ನಿಜ. ಅವರಲ್ಲಿ ಕೆಲವರು ಹಲವು ವರ್ಷ ಬಾಳಿದ್ದರು.

ಹಾಗಾದರೆ ತಾವು ಯಾವ ಅರ್ಧದಲ್ಲಿ ಸೇರುವವರು? ವಯಸ್ಸು ಚಿಕ್ಕದು, ರೋಗ ಹೆಚ್ಚು ಬಲಿಯುವ ಮೊದಲೇ ಪತ್ತೆಯಾಗಿದೆ, ಉತ್ತಮ ಚಿಕಿತ್ಸೆ ಕೈಗೆ ಎಟುಕುವಂತಿದೆ. ಸಾಲಿನ ದೂರದ ಕೊನೆಯಲ್ಲಿ ತಮಗೆ ಎಡೆಯಿರಬಹುದೆಂದು ಅವರಿಗೆ ತೋರಿತು. ಆ ಅಂಕಿಗಳು ಹಳೆಯ ಚಿಕಿತ್ಸೆ ಪಡೆದವರವು, ತಮಗೆ ದೊರೆಯಲಿದ್ದುದಾದರೋ ಹೊಸ ಪ್ರಯೋಗದ ಚಿಕಿತ್ಸೆ, ಎಂಬುದನ್ನೂ ಅವರು ಗಮನಿಸಿದರು. ೧೯೮೫ರಲ್ಲಿ ಇದನ್ನೆಲ್ಲ ಒಂದು ಪ್ರಬಂಧವಾಗಿ ಬರೆದರು. ಅಂದಿನಿಂದ ಇಂದಿನವರೆಗೆ ಅದು ಎಷ್ಟೋ ರೋಗಿಗಳ ಕೈ ಸೇರಿದೆ.

ಕೇಳಬೇಕಾದ ಪ್ರಶ್ನೆಗಳು

ಎಲ್ಲರೂ ಗೂಲ್ಡ್ ಆಗಲಾರರು. ಆದರೆ ಅವರು ಕೇಳಿದಂಥ ಪ್ರಶ್ನೆಗಳನ್ನು ಯಾವ ಮನೆಯವರೂ ಕೇಳಬಹುದು. ರೋಗ ಎದೆಯ ಪೊರೆಯಲ್ಲಿದೆಯೋ ಉದರದ ಪೊರೆಯಲ್ಲಿದೆಯೋ? ಜೀವಕೋಶಗಳ ಜಾತಿ ಯಾವುದು? ಎಷ್ಟು ಹಬ್ಬಿದೆ? ಇವುಗಳಲ್ಲಿ ಒಂದೊಂದೂ ಚಿಕಿತ್ಸೆಯ ದಾರಿಯನ್ನೇ ಬದಲಿಸಬಲ್ಲದು. ಇದು ಶ್ವಾಸಕೋಶದ ಬೇರೆ ಬಗೆಯ ಕ್ಯಾನ್ಸರಿನಂತೆ ತೋರಿ ಮೋಸಗೊಳಿಸುವುದೂ ಉಂಟು. ಆದುದರಿಂದ ತೆಗೆದ ಅಂಗಾಂಶದ ತುಣುಕನ್ನು ವಿಶೇಷ ಪರೀಕ್ಷೆಗಳಿಗೆ ಒಳಪಡಿಸಬೇಕು. ಈ ರೋಗವನ್ನು ಬಲ್ಲ ಇನ್ನೊಬ್ಬ ತಜ್ಞರಿಗೆ ತೋರಿಸುವುದು ಒಳಿತು. ಎರಡನೆಯ ಅಭಿಪ್ರಾಯ ಕೇಳಿದರೆ ಮೊದಲಿನ ವೈದ್ಯರಿಗೆ ಅವಮಾನವಾದೀತೆಂದು ಅಂಜಬೇಕಾದುದಿಲ್ಲ.

ಓದುವ ಬರಹದ ಕಾಲವನ್ನು ನೋಡುವುದು ಮುಖ್ಯ. ಪೆಮೆಟ್ರೆಕ್ಸೆಡ್ ಮತ್ತು ಸಿಸ್‌ಪ್ಲಾಟಿನ್ ಎಂಬ ಔಷಧಗಳ ಜೋಡಿಗೆ ಅಮೆರಿಕದಲ್ಲಿ ಅನುಮತಿ ದೊರೆತುದು ೨೦೦೪ರಲ್ಲಿ. ದೇಹದ ರಕ್ಷಣಾಶಕ್ತಿಯನ್ನೇ ರೋಗದ ಮೇಲೆ ಛೂಬಿಡುವ ಎರಡು ಔಷಧಗಳ ಜೋಡಿಗೆ ೨೦೨೦ರಲ್ಲಿ. ಅದಕ್ಕೆ ಹಿಂದಿನ ಬರಹಗಳಲ್ಲಿ ಇವುಗಳ ಫಲ ಕಾಣಿಸದು. ಬರೆದವರು ಯಾರೆಂಬುದನ್ನೂ ನೋಡಬೇಕು. ಅಮೆರಿಕದಲ್ಲಿ ಈ ರೋಗದ ಬಗೆಗಿನ ಮಾಹಿತಿಯಲ್ಲಿ ಎಷ್ಟೋ ಭಾಗ ಪರಿಹಾರದ ದಾವೆಗಳನ್ನು ಅರಸುವ ವಕೀಲರ ಸಂಸ್ಥೆಗಳದ್ದು. ಬೇರನ್ನು ಕಿತ್ತೊಗೆಯುವೆನೆಂದು ಭರವಸೆ ಕೊಟ್ಟು ಹಣ ಕೀಳುವವರಂತೂ ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ನಮ್ಮ ನೆಲದಲ್ಲಿ

ಕಲ್ನಾರಿನ ತಗಡಿನ ಸೂರು ನಮ್ಮವರಿಗೆ ಅಪರಿಚಿತವಲ್ಲ. ಗಟ್ಟಿಯಾಗಿರುವ ತಗಡಿಗಿಂತ ಅದನ್ನು ಕೊಯ್ಯುವಾಗ, ಕೊರೆಯುವಾಗ, ಒಡೆಯುವಾಗ ಏಳುವ ಧೂಳಿನಿಂದಲೇ ಹೆಚ್ಚು ಅಪಾಯ. ೧೯೯೫ರ ಜನವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಈ ಉದ್ದಿಮೆಯ ಕಾರ್ಮಿಕರ ಪರವಾಗಿ ಮಹತ್ವದ ತೀರ್ಪನ್ನು ಕೊಟ್ಟಿತು. ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ೪೦ ವರ್ಷ ಅಥವಾ ಕೆಲಸ ಬಿಟ್ಟ ಮೇಲೆ ೧೫ ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ, ಕಾಪಾಡಬೇಕೆಂದು ವಿಧಿಸಿತು. ಆದುದರಿಂದ ರೋಗಿ ಯೌವನದಲ್ಲಿ ಎಲ್ಲೆಲ್ಲಿ ದುಡಿದನೆಂಬುದನ್ನು ನೆನಪಿರುವಾಗಲೇ ಬರೆದಿಡುವುದು ಮನೆಯವರ ಮೊದಲ ಕೆಲಸ. ವೈದ್ಯರಿಗೂ ಅದು ಬೇಕು. ಪರಿಹಾರ ಕೇಳುವುದಕ್ಕೂ ಬೇಕು.

ವಿರಳ ರೋಗಕ್ಕೆ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೇ ಲೇಸು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ೧೯೭೩ರಿಂದಲೂ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ೧೯೪೧ರಿಂದಲೂ ಕ್ಯಾನ್ಸರ್ ರೋಗಿಗಳ ಶುಶ್ರೂಷೆಯಲ್ಲಿ ತೊಡಗಿವೆ. ನೋವು, ಉಬ್ಬಸಗಳನ್ನು ತಗ್ಗಿಸುವ ಉಪಶಮನ ಚಿಕಿತ್ಸೆಯನ್ನು ಕೊನೆಯ ದಿನಗಳಿಗೆಂದು ಮೀಸಲಿಡುವುದು ತಪ್ಪು. ಅದು ಮೊದಲಿನಿಂದಲೇ ಜೊತೆಯಲ್ಲಿರಬೇಕು. ಬೇರೆ ದಾರಿಯೇ ಉಳಿಯದಾಗ ಬೆಂಗಳೂರಿನ ಕರುಣಾಶ್ರಯದಂಥ ಧರ್ಮಸಂಸ್ಥೆ ಹಣ ಕೇಳದೆ ಆಸರೆಯಾಗುತ್ತದೆ. ಇನ್ನು ಮನೆಯಲ್ಲಿ, ರೋಗಿಗೆ ಏನನ್ನೂ ಹೇಳದೆ ಬಾಗಿಲ ಮರೆಯಲ್ಲಿ ಪಿಸುಗುಟ್ಟುವ ವಾಡಿಕೆಯುಂಟು. ಎಷ್ಟು ತಿಳಿಯಬೇಕೆಂಬ ಆಸೆ ಅವರಿಗಿದೆ ಎಂದು ಅವರನ್ನೇ ಕೇಳುವುದು ಅದಕ್ಕಿಂತ ಮೇಲು. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರೊಬ್ಬರು ವೈದ್ಯರ ಮಾತನ್ನು ಬರೆದುಕೊಂಡರೆ ಅದೇ ದೊಡ್ಡ ಉಪಕಾರ.

ಗೂಲ್ಡ್ ಅವರಿಗೆ ದೊರೆತುದು ಎಲ್ಲರಿಗೂ ದೊರೆಯುವುದಿಲ್ಲ. ರೋಗ ಇಂದಿಗೂ ಕ್ರೂರವಾದುದೇ. ೧೯೭೪ರ ಜನವರಿಯಲ್ಲಿ ಒಂದು ಮಾಸಪತ್ರಿಕೆಗೆ ಅಂಕಣ ಬರೆಯತೊಡಗಿದ ಗೂಲ್ಡ್, ಚಿಕಿತ್ಸೆಯ ಕಾಲದಲ್ಲಿಯೂ ನಿಲ್ಲಿಸದೆ ೨೦೦೧ರ ಜನವರಿಯವರೆಗೆ ೩೦೦ ಪ್ರಬಂಧಗಳನ್ನು ಬರೆದರು. ವಿಕಾಸವಾದವನ್ನು ಕುರಿತ ಅವರ ಮಹಾಗ್ರಂಥ ೨೦೦೨ರಲ್ಲಿ ಹೊರಬಂತು. ಅದೇ ವರ್ಷದ ಮೇ ೨೦ರಂದು ಬೇರೊಂದು ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಗ್ರಂಥಾಲಯದಲ್ಲಿ ಕಂಡ ಎಂಟು ತಿಂಗಳು ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷಗಳಾಗಿ ಬೆಳೆದಿದ್ದವು.