ಮೋಟಾರು ಕಾರಿನ ಗುಪ್ತ ಸ್ವಿಚ್ಚು: ವಿದ್ಯುನ್ಮಂಡಲದ ದೃಷ್ಟಿಯಿಂದ ಒಂದು ವಿಚಾರ

ಮೋಟಾರು ಕಾರು ಕಳವಾಗದಂತೆ ಅದರ ವಿದ್ಯುನ್ಮಂಡಲದಲ್ಲಿ ಒಂದು ಸ್ವಿಚ್ಚನ್ನು ಸೇರಿಸಿ, ಅದನ್ನು ಪರರ ಕಣ್ಣಿಗೆ ಬೀಳದೆಡೆ ಅಡಗಿಸಿಡುವ ಪದ್ಧತಿ ಬಹುಕಾಲದಿಂದ ಬಳಕೆಯಲ್ಲಿದೆ. ಒಡೆಯನಿಗೆ ಮಾತ್ರ ತಿಳಿದಿರುವ ಆ ಸ್ವಿಚ್ಚನ್ನು ಸರಿಯಾದ ಸ್ಥಿತಿಗೆ ತಂದ ಹೊರತು ಎಂಜಿನು ಹೊರಡದು. ಕೆಲಸ ಸುಲಭವೆಂದು ತೋರುವುದರಿಂದ ಸ್ವಿಚ್ಚನ್ನು ಎಲ್ಲಿ ಅಡಗಿಸಬೇಕು ಎಂಬುದೊಂದೇ ಪ್ರಶ್ನೆಯೆಂದು ಭಾವಿಸುವವರುಂಟು. ಆದರೆ ಅದಕ್ಕಿಂತ ಗುರುತರವಾದ ಪ್ರಶ್ನೆ ಬೇರೊಂದಿದೆ. ಸ್ವಿಚ್ಚಾಗಲಿ ಅದರ ತಂತಿಯಾಗಲಿ ಕೆಟ್ಟರೆ ಓಡುತ್ತಿರುವ ಕಾರಿನ ಗತಿಯೇನು? ಕಳ್ಳನಿಗಾಗಿ ಹೂಡಿದ ತಡೆ ಘಾಟಿಯ ತಿರುವಿನಲ್ಲಿ ಒಡೆಯನಿಗೇ ಅಡ್ಡಬಂದರೆ ಹೋಗುವುದು ಕಾರಲ್ಲ, ಪ್ರಾಣ. ಈ ಪ್ರಶ್ನೆಯನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕೀಲಿಯ ಕೈಯಲ್ಲಿಯೇ ಗುರುತಿನ ಸಂಕೇತವನ್ನು ಅಡಗಿಸುವ ಎಲೆಕ್ಟ್ರಾನಿಕ್ ಇಮೊಬಿಲೈಸರುಗಳು ಬಂದಿರುವಾಗ ಇಂಥ ಹಳೆಯ ಉಪಾಯ ಏಕೆಂದು ಕೇಳಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದ ಇತ್ತೀಚಿನ ಅನುಭವ ಇದಕ್ಕೆ ಉತ್ತರವನ್ನು ಕೊಡುತ್ತದೆ. ಕೆನಡಾ ದೇಶ 2007ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರನ್ನು ಕಡ್ಡಾಯ ಮಾಡಿತು. ಅಮೆರಿಕದಲ್ಲಿ ಅಂಥ ನಿಯಮವಿರಲಿಲ್ಲ. 2015ರ ಮಾದರಿಗಳಲ್ಲಿ ಇತರ ತಯಾರಕರು ನೂರಕ್ಕೆ 96ರಷ್ಟು ಮಾದರಿಗಳಿಗೆ ಅದನ್ನು ಅಳವಡಿಸಿದ್ದರೆ, ಹ್ಯುಂಡೈ ಮತ್ತು ಕಿಯಾ ಕಾರುಗಳಲ್ಲಿ ಆ ಪ್ರಮಾಣ ನೂರಕ್ಕೆ 26 ಮಾತ್ರ. 2021ರಿಂದ ಈಚೆಗೆ ಅಲ್ಲಿನ ಮಿಲ್ವಾಕಿ ಮೊದಲಾದ ನಗರಗಳಲ್ಲಿ ಈ ಕಾರುಗಳ ಕಳವು ಹಠಾತ್ತನೆ ಹೆಚ್ಚಿತು. 2023ರ ಫೆಬ್ರವರಿಯಲ್ಲಿ ತಯಾರಕರು ತಿದ್ದಿದ ಸಾಫ್ಟ್‌ವೇರನ್ನು ಉಚಿತವಾಗಿ ಒದಗಿಸಬೇಕಾಯಿತು. ಇನ್ನು ಕೀಲಿಯಿಲ್ಲದೆ ಗುಂಡಿಯೊತ್ತಿ ಹೊರಡಿಸುವ ಕಾರುಗಳಲ್ಲಿ, ಮನೆಯೊಳಗಿರುವ ಕೀಲಿಯ ರೇಡಿಯೊ ಸಂಕೇತವನ್ನೇ ದೂರಕ್ಕೆ ಸಾಗಿಸಿ ಕಾರನ್ನು ವಂಚಿಸುವುದೂ ನಡೆದಿದೆ. ಸಂಕೇತವನ್ನು ವಂಚಿಸಬಹುದು, ಕಡಿದಿರುವ ತಂತಿಯಲ್ಲಿ ಪ್ರವಾಹವನ್ನು ಹರಿಸುವುದಕ್ಕೆ ಆ ವಂಚನೆ ಸಾಲದು. ಗುಪ್ತ ಸ್ವಿಚ್ಚಿನ ಬೆಲೆ ಇಷ್ಟರಲ್ಲಿದೆ.

ಮೊದಲು ಹಳೆಯ ಬಗೆಯ ಪೆಟ್ರೋಲ್ ಎಂಜಿನನ್ನು ತೆಗೆದುಕೊಳ್ಳೋಣ. ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕನ್ ಎಂಜಿನಿಯರನು ರೂಪಿಸಿದ ಬ್ಯಾಟರಿ ಹಾಗೂ ಕಾಯಿಲ್‌ಗಳ ಏರ್ಪಾಡು ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿಯೂ ಇದ್ದಿತು. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಹೊರಟ ಪ್ರವಾಹ ಕೀಲಿಯ ಸ್ವಿಚ್ಚು, ಕಾಯಿಲ್‌ನ ಪ್ರಾಥಮಿಕ ಸುರುಳಿ, ಕಾಂಟ್ಯಾಕ್ಟ್ ಬ್ರೇಕರಿನ ಪಾಯಿಂಟುಗಳು ಇವುಗಳ ಮೂಲಕ ಹಾದು ಕಾರಿನ ಲೋಹದ ಒಡಲನ್ನು ಸೇರುತ್ತದೆ. ಸುರುಳಿಯ ರೋಧ 3 ಓಮ್ ಇದ್ದರೆ ಪ್ರವಾಹ 4 ಆಂಪಿಯರ್. ಪಾಯಿಂಟುಗಳು ಬಿಚ್ಚಿಕೊಂಡೊಡನೆ ಪ್ರವಾಹ ಕಡಿದು, ದ್ವಿತೀಯಕ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳ ವಿಭವ ಪ್ರೇರಿತವಾಗಿ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ.

ಈ ಕಿಡಿಯನ್ನು ತಡೆಯಲು ಎರಡು ಮಾರ್ಗಗಳಿವೆ. ಒಂದು, ಸ್ವಿಚ್ಚನ್ನು ಸರಣಿಯಲ್ಲಿ ಜೋಡಿಸಿ ಪ್ರವಾಹದ ದಾರಿಯನ್ನೇ ಕಡಿಯುವುದು. ಎರಡು, ಪಾಯಿಂಟುಗಳಿಗೆ ಸಮಾಂತರವಾಗಿ ಜೋಡಿಸಿ, ಸ್ವಿಚ್ಚು ಮುಚ್ಚಿದಾಗ ಪ್ರವಾಹ ಅಡ್ಡದಾರಿಯಿಂದ ಒಡಲನ್ನು ಸೇರುವಂತೆ ಮಾಡುವುದು. ಆಗ ಪಾಯಿಂಟುಗಳು ಬಿಚ್ಚಿಕೊಂಡರೂ ಪ್ರವಾಹ ಕಡಿಯದು, ಕಿಡಿ ಹುಟ್ಟದು. ಫಲ ಎರಡರಲ್ಲಿಯೂ ಒಂದೇ. ಆದರೆ ಕೆಡುವ ರೀತಿ ಬೇರೆ. ಸರಣಿಯ ತಂತಿ ತುಂಡಾದರೆ ಓಡುವ ಎಂಜಿನು ಆ ಕ್ಷಣವೇ ನಿಲ್ಲುತ್ತದೆ. ಸಮಾಂತರದ ತಂತಿ ತುಂಡಾದರೆ ಎಂಜಿನಿಗೆ ಬಾಧೆಯಿಲ್ಲ, ಕಾವಲು ಮಾತ್ರ ತಪ್ಪುತ್ತದೆ. ಹಾಗೆಂದು ಎರಡನೆಯದು ನಿರ್ದೋಷವೂ ಅಲ್ಲ: ಅದರ ತಂತಿ ಸವೆದು ಒಡಲಿಗೆ ತಗುಲಿದರೆ ಸ್ವಿಚ್ಚು ಮುಚ್ಚಿದಂತೆಯೇ ಆಗುತ್ತದೆ. ಕೀಲಿ ತಿರುಗಿಸಿ ಹಾಗೆಯೇ ಬಿಟ್ಟರೆ ಪ್ರವಾಹ ಬಿಡುವಿಲ್ಲದೆ ಹರಿದು ಕಾಯಿಲ್ ಕಾಯುತ್ತದೆ.

ಎಂಜಿನು ನಿಂತರೆ ಬ್ರೇಕು ಇಲ್ಲವಾಗುವುದಿಲ್ಲ. ಆದರೆ ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತ ಎಂಜಿನಿನಿಂದಲೇ ಬರತಕ್ಕದ್ದು. ಉಳಿದ ನಿರ್ವಾತ ಕೆಲವು ಸಲ ಒತ್ತುವಷ್ಟರಲ್ಲಿ ಮುಗಿದು, ಅನಂತರ ಪೆಡಲನ್ನು ಬಹಳ ಬಲದಿಂದ ತುಳಿಯಬೇಕಾಗುತ್ತದೆ. ಎಂಜಿನಿನ ಬಲದಿಂದ ನಡೆಯುವ ಪವರ್ ಸ್ಟಿಯರಿಂಗ್ ಇದ್ದರೆ ಚಕ್ರವೂ ಬಿಗಿಯಾಗುತ್ತದೆ. ಆದುದರಿಂದ ಓಡುವ ಎಂಜಿನನ್ನು ನಿಲ್ಲಿಸಬಲ್ಲ ಮಂಡಲಕ್ಕೆ ಕೈಹಾಕುವ ಮುನ್ನ, ಹೊರಡುವುದನ್ನು ಮಾತ್ರ ತಡೆಯುವ ಮಂಡಲ ಇದೆಯೇ ಎಂದು ನೋಡಬೇಕು.

ಅಂಥದು ಸ್ಟಾರ್ಟರ್ ಮೋಟಾರಿನ ನಿಯಂತ್ರಣದ ತಂತಿ. ಸ್ಟಾರ್ಟರಿನ ದಪ್ಪ ಕೇಬಲ್ಲಿನಲ್ಲಿ ನೂರು ಆಂಪಿಯರಿಗೂ ಮಿಗಿಲಾದ ಪ್ರವಾಹ ಹರಿಯುವುದರಿಂದ ಅದನ್ನು ಮುಟ್ಟಲಾಗದು; ಅದರ ಸಾಲನಾಯ್ಡಿಗೆ ಹೋಗುವ ತೆಳುವಾದ ತಂತಿಯನ್ನು ಕಡಿದರೆ ಸಾಕು. ಎಂಜಿನು ಹೊರಟ ಮೇಲೆ ಈ ತಂತಿಗೆ ಕೆಲಸವಿಲ್ಲವಾದುದರಿಂದ ಅದು ಹೋದರೂ ಕಾರು ಓಡುತ್ತಲೇ ಇರುತ್ತದೆ. ಆಟೊಮ್ಯಾಟಿಕ್ ಗೇರಿನ ಕಾರುಗಳಿಗೆ ಇದು ಉತ್ತಮವಾದ ಆಯ್ಕೆ. ಕೈಗೇರಿನ ಕಾರನ್ನಾದರೋ ತಳ್ಳಿಯೋ ಇಳಿಜಾರಿನಲ್ಲಿ ಬಿಟ್ಟೋ ಹೊರಡಿಸಬಹುದಾದುದರಿಂದ ಅಲ್ಲಿ ಇದೊಂದೇ ಸಾಲದು. ಅಲ್ಲಿ ಫ್ಯುಯೆಲ್ ಪಂಪಿನ ಮಂಡಲವನ್ನು ಆಶ್ರಯಿಸುವುದುಂಟು. ವಿದ್ಯುತ್ತಿನಿಂದ ನಡೆಯುವ ಪಂಪು ನಿಂತರೆ, ಕೊಳವೆಯಲ್ಲಿ ಉಳಿದ ಒತ್ತಡದಿಂದ ಎಂಜಿನು ಅಲ್ಪಕಾಲ ನಡೆದು ನಿಲ್ಲುತ್ತದೆ.

ಆದರೆ ಪಂಪಿನ ಪ್ರವಾಹವನ್ನು ಚಾಲಕನ ಆಸನದವರೆಗೆ ಎಳೆದು ತರುವುದು ಸರಿಯಲ್ಲ. ತಾಮ್ರದ ರೋಧಕತೆ, ಒಂದು ಮೀಟರ್ ಉದ್ದ ಮತ್ತು ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತಕ್ಕೆ, 0.0172 ಓಮ್. ಅರ್ಧ ಚದರ ಮಿಲಿಮೀಟರಿನ ತಂತಿಯನ್ನು ಹೋಗಿಬರುವ ದಾರಿ ಸೇರಿ 6 ಮೀಟರ್ ಎಳೆದರೆ ರೋಧ ಸುಮಾರು 0.2 ಓಮ್ ಆಗುತ್ತದೆ. 6 ಆಂಪಿಯರ್ ಪ್ರವಾಹಕ್ಕೆ 1.2 ವೋಲ್ಟ್, ಎಂದರೆ ಬ್ಯಾಟರಿಯ ವಿಭವದ ಹತ್ತನೆಯ ಒಂದು ಪಾಲು, ದಾರಿಯಲ್ಲಿಯೇ ನಷ್ಟವಾಗುತ್ತದೆ. ಸಡಿಲವಾದ ಒಂದು ಜೋಡಣೆಯ ರೋಧ ಅರ್ಧ ಓಮ್ ಇದ್ದು ಅದೇ ಪ್ರವಾಹ ಹರಿದರೆ, ಆ ಒಂದು ಬಿಂದುವಿನಲ್ಲಿ ಹುಟ್ಟುವ ಶಾಖ 18 ವಾಟ್: ಸಣ್ಣದೊಂದು ಸೋಲ್ಡರಿಂಗ್ ಐರನ್ನಿಗೆ ಸಾಕಾಗುವಷ್ಟು! ತಂತಿಗಳ ಹೊದಿಕೆ ಕರಗಿ ಬೆಂಕಿ ಹತ್ತಲು ಇಷ್ಟು ಸಾಕು.

ಇದಕ್ಕೆ ಪರಿಹಾರ ರಿಲೇ. ಅದನ್ನು ಪಂಪಿನ ತಂತಿಯ ಬಳಿಯಲ್ಲಿಯೇ ಇಟ್ಟರೆ ಭಾರವಾದ ಪ್ರವಾಹ ಅಲ್ಲಿಯೇ ಉಳಿಯುತ್ತದೆ. ರಿಲೇಯ ಸುರುಳಿಯ ರೋಧ 80 ಓಮ್ ಇದ್ದರೆ ಸ್ವಿಚ್ಚಿಗೆ ಬರುವುದು 0.15 ಆಂಪಿಯರ್ ಮಾತ್ರ; ಆ ಉದ್ದದ ತಂತಿಯಲ್ಲಿ ನಷ್ಟ 0.03 ವೋಲ್ಟ್. ಐದು ತುದಿಗಳ ರಿಲೇಯಲ್ಲಿ 85, 86 ಸುರುಳಿಯ ತುದಿಗಳು. ಸುರುಳಿಗೆ ಪ್ರವಾಹವಿಲ್ಲದಾಗ 30ನೆಯ ತುದಿ 87ಎ ತುದಿಯೊಡನೆಯೂ, ಪ್ರವಾಹ ಬಂದಾಗ 87ರೊಡನೆಯೂ ಕೂಡುತ್ತದೆ. ಪಂಪಿನ ದಾರಿಯನ್ನು 87ರ ಮೂಲಕ ಒಯ್ದರೆ ಸುರುಳಿಯೋ ಸ್ವಿಚ್ಚೋ ಕೆಟ್ಟಾಗ ಎಂಜಿನು ನಿಲ್ಲುತ್ತದೆ. 87ಎ ಮೂಲಕ ಒಯ್ದರೆ ಓಡುತ್ತಲೇ ಇರುತ್ತದೆ. ಎರಡನೆಯ ಜೋಡಣೆಯಲ್ಲಿ ಸ್ವಿಚ್ಚನ್ನು ಸುರುಳಿಯ ಧನ ಕಡೆಯಲ್ಲಿಯೇ, ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ತಂತಿಯಿಂದ, ಫ್ಯೂಸಿನ ಮೂಲಕ ಸೇರಿಸಬೇಕು. ಹಾಗೆ ಮಾಡಿದರೆ ಸ್ವಿಚ್ಚಿನ ತಂತಿ ಸವೆದು ಒಡಲಿಗೆ ತಗುಲಿದರೂ ಫ್ಯೂಸು ಹೋಗುವುದೇ ಹೊರತು ಎಂಜಿನು ನಿಲ್ಲದು. ಸ್ವಿಚ್ಚನ್ನು ಋಣ ಕಡೆಯಲ್ಲಿಟ್ಟರೆ ಅದೇ ಸವೆತ ಎಂಜಿನನ್ನು ನಿಲ್ಲಿಸುತ್ತದೆ. ಒಂದೇ ಸ್ವಿಚ್ಚು, ಒಂದೇ ರಿಲೇ. ಇಟ್ಟ ಸ್ಥಳದ ಭೇದದಿಂದ ಫಲ ವಿಪರೀತವಾಗುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಕೆಲವು ಎಚ್ಚರಿಕೆಗಳು ಅವಶ್ಯ. ಹಳದಿ ಹೊದಿಕೆಯ ಏರ್‌ಬ್ಯಾಗ್ ತಂತಿಗಳನ್ನೂ ಬ್ರೇಕಿನ ಎಲೆಕ್ಟ್ರಾನಿಕ್ ತಂತಿಗಳನ್ನೂ ಮುಟ್ಟತಕ್ಕದ್ದಲ್ಲ. ಓಡಿಸುವಾಗ ಮೊಣಕಾಲಾಗಲಿ ಕೈಯಾಗಲಿ ತಗುಲುವ ಕಡೆ ಸ್ವಿಚ್ಚನ್ನು ಇಡಬಾರದು. ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ನನಿಂದಲೇ ಮಾಡಿಸಬೇಕು. ವಾರಂಟಿಯ ಷರತ್ತುಗಳನ್ನೂ ಮೊದಲೇ ತಿಳಿದುಕೊಳ್ಳಬೇಕು. ಇಷ್ಟಾದರೂ ಕಾರನ್ನು ಎತ್ತಿಕೊಂಡು ಹೋಗುವವನನ್ನು ಯಾವ ಸ್ವಿಚ್ಚೂ ತಡೆಯಲಾರದು. ಕಾರು ಕೆಟ್ಟುನಿಂತಿದೆಯೆಂಬ ಭ್ರಮೆಯನ್ನು ಹುಟ್ಟಿಸಿ, ಅವಸರದಲ್ಲಿರುವ ಕಳ್ಳನ ಕೆಲವು ನಿಮಿಷಗಳನ್ನು ಕಸಿದುಕೊಳ್ಳುವುದಷ್ಟೇ ಅದರ ಕೆಲಸ.

ಈ ವಿಚಾರವನ್ನು ಪ್ರಯೋಗಶಾಲೆಯಲ್ಲಿ ಸುಲಭವಾಗಿ ತೋರಿಸಬಹುದು. ಹನ್ನೆರಡು ವೋಲ್ಟಿನ ಬ್ಯಾಟರಿ, ಪಂಪಿಗೆ ಬದಲಾಗಿ ಒಂದು ದೀಪ, ಒಂದು ರಿಲೇ, ಒಂದು ಸ್ವಿಚ್ಚು, ಎರಡು ಫ್ಯೂಸುಗಳು ಇದ್ದರೆ ಸಾಕು. ಮೇಲೆ ಹೇಳಿದ ಜೋಡಣೆಗಳನ್ನು ಮೇಜಿನ ಮೇಲೆ ಕಟ್ಟಿ, ಒಂದೊಂದು ತಂತಿಯನ್ನೂ ಸರದಿಯಂತೆ ಬಿಚ್ಚಿ, ದೀಪ ಉರಿಯುವುದೋ ಆರುವುದೋ ಎಂಬುದನ್ನು ವಿದ್ಯಾರ್ಥಿಗಳು ಪಟ್ಟಿಮಾಡಲಿ. ಮಂಡಲ ಸರಿಯಾಗಿರುವಾಗ ಏನು ಮಾಡುತ್ತದೆಂಬುದನ್ನು ಪಠ್ಯಪುಸ್ತಕ ಕಲಿಸುತ್ತದೆ. ಕೆಟ್ಟಾಗ ಏನು ಮಾಡುತ್ತದೆಂಬುದನ್ನು ಆ ಪಟ್ಟಿ ಕಲಿಸುತ್ತದೆ. ಮನುಷ್ಯರು ಕುಳಿತು ಸಾಗುವ ಯಂತ್ರದ ವಿಷಯದಲ್ಲಿ ಎರಡನೆಯ ಪಾಠವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಕಲಿತರೆ ಸಾಲದು.